ಈಜುವೀರ ಕ್ಯಾಪ್ಟನ್ ವೆಬ್

ನಿಂತ ನೀರಿನಲ್ಲಿ ಈಜುವುದು ಬೇರೆ, ಹರಿಯುವ ನೀರಿನಲ್ಲಿ ಈಜುವುದು ಬೇರೆ. ಬೆನ್ನಿಗೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು ಬಾವಿಯಲ್ಲಿಯೋ ಕೆರೆಯಲ್ಲಿಯೋ ಕೈಕಾಲು ಬಡಿಯಲು ಕಲಿತ ಹುಡುಗನು ಮೊದಲ ಸಲ ಹೊಳೆಗೆ ಇಳಿದಾಗ ಈ ಭೇದವನ್ನು ತಾನಾಗಿಯೇ ಅರಿಯುತ್ತಾನೆ. ಬಾವಿಯ ನೀರು ಅವನನ್ನು ಇದ್ದಲ್ಲಿಯೇ ಇರಗೊಡುತ್ತದೆ. ಹೊಳೆಯ ನೀರು ಅವನನ್ನು ಕೇಳದೆಯೇ ಕೆಳಕ್ಕೆ ಒಯ್ಯುತ್ತದೆ. ಎದುರು ದಡದ ಮರವನ್ನು ಗುರಿಯಿಟ್ಟು ಹೊರಟವನು ಅದಕ್ಕಿಂತ ಬಹುದೂರ ಕೆಳಗೆ ಹೋಗಿ ದಡ ಸೇರುತ್ತಾನೆ. ಆದುದರಿಂದ ಹೊಳೆಯನ್ನು ಈಜುವವನಿಗೆ ತೋಳ್ಬಲವೊಂದೇ ಸಾಲದು. ನೀರಿನ ಗತಿಯನ್ನು ಗುರುತಿಸುವ ಕಣ್ಣು, ಸಮಯಕ್ಕಾಗಿ ಕಾಯುವ ತಾಳ್ಮೆ, ತನ್ನ ಶಕ್ತಿಯ ಎಲ್ಲೆಯನ್ನು ಬಲ್ಲ ವಿವೇಕ ಇವು ಮೂರೂ ಬೇಕು.

ಈ ಗುಣಗಳ ಬಲದಿಂದ ಲೋಕವೇ ಬೆರಗಾಗುವಂತಹ ಸಾಹಸವನ್ನು ಸಾಧಿಸಿ, ಕೊನೆಗೆ ಅವುಗಳಲ್ಲಿ ಒಂದನ್ನು ಕೈಬಿಟ್ಟು ಪ್ರಾಣವನ್ನೇ ತೆತ್ತವನು ಇಂಗ್ಲೆಂಡಿನ ಮ್ಯಾಥ್ಯೂ ವೆಬ್. ಅವನು ಈಜು ಕಲಿತದ್ದು ಒಂದು ನದಿಯಲ್ಲಿ. ತನ್ನ ಸಾಮರ್ಥ್ಯವನ್ನು ಒರೆಗೆ ಹಚ್ಚಿದ್ದು ಇನ್ನೊಂದು ನದಿಯಲ್ಲಿ. ಕಣ್ಮರೆಯಾದದ್ದು ಮತ್ತೊಂದು ನದಿಯಲ್ಲಿ. ಈ ಮೂರು ನದಿಗಳ ನಡುವೆ ಅವನ ಮೂವತ್ತೈದು ವರ್ಷಗಳ ಬಾಳು ಹರಿದು ಹೋಯಿತು.

ವೆಬ್ಬನು 1848ರ ಜನವರಿ 19ರಂದು ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಡಾಲಿ ಎಂಬ ಊರಿನಲ್ಲಿ ಜನಿಸಿದನು. ಅವನ ತಂದೆ ವೈದ್ಯ. ಮನೆಯ ತುಂಬ ಮಕ್ಕಳು. ಮ್ಯಾಥ್ಯೂ ಇನ್ನೂ ಎಳೆಯನಾಗಿದ್ದಾಗಲೇ ಅವನ ಕುಟುಂಬವು ಸೆವರ್ನ್ ನದಿಯ ಬಳಿಯ ಕೋಲ್‌ಬ್ರೂಕ್‌ಡೇಲ್ ಪ್ರದೇಶಕ್ಕೆ ಬಂದು ನೆಲೆಸಿತು. ಅದು ಕಬ್ಬಿಣದ ಕುಲುಮೆಗಳಿಗೆ ಹೆಸರಾದ ನಾಡು. ಎರಕದ ಕಬ್ಬಿಣದಿಂದ ಕಟ್ಟಿ 1781ರಲ್ಲಿ ಸಂಚಾರಕ್ಕೆ ತೆರೆದ ಹೆಸರಾಂತ ಸೇತುವೆಯು ಅಲ್ಲಿಯೇ ಸೆವರ್ನ್ ನದಿಯ ಮೇಲೆ ನಿಂತಿದೆ. ಸೆವರ್ನ್ ಬ್ರಿಟನ್ನಿನ ನದಿಗಳಲ್ಲೆಲ್ಲ ಉದ್ದವಾದುದು; ಅದರ ಉದ್ದ ಸುಮಾರು 354 ಕಿಲೋಮೀಟರು. ಮಳೆಗಾಲದಲ್ಲಿ ಕೆಂಪಾಗಿ ಉಕ್ಕಿ, ಬೇಸಗೆಯಲ್ಲಿ ತಿಳಿಯಾಗಿ ಹರಿಯುವ ಆ ನದಿಯೇ ಬಾಲಕ ವೆಬ್ಬನಿಗೆ ಮೊದಲ ಗುರುವಾಯಿತು. ಎಂಟು ವರ್ಷ ತುಂಬುವ ಮೊದಲೇ ಅವನು ಅದರಲ್ಲಿ ನಿರ್ಭಯವಾಗಿ ಈಜುತ್ತಿದ್ದನು. ಒಮ್ಮೆ ಅವನ ಸೋದರನೊಬ್ಬನು ಅದೇ ನದಿಯಲ್ಲಿ ಮುಳುಗುವ ಸ್ಥಿತಿಗೆ ಬಂದಾಗ ಮ್ಯಾಥ್ಯೂ ಅವನನ್ನು ಎಳೆತಂದು ಬದುಕಿಸಿದನು. ಈಜು ಆಟ ಮಾತ್ರವಲ್ಲ, ಇನ್ನೊಬ್ಬರ ಪ್ರಾಣವನ್ನು ಉಳಿಸಬಲ್ಲ ವಿದ್ಯೆ ಎಂಬುದು ಅವನಿಗೆ ಆಗಲೇ ಮನದಟ್ಟಾಯಿತು.

ಹುಡುಗನ ಮನಸ್ಸು ಕಡಲಿನತ್ತ ಎಳೆಯುತ್ತಿತ್ತು. ಹನ್ನೆರಡರ ವಯಸ್ಸಿನ ಸುಮಾರಿಗೆ ಅವನು ಲಿವರ್‌ಪೂಲಿನ ಮರ್ಸಿ ನದಿಯಲ್ಲಿ ಲಂಗರು ಹಾಕಿ ನಿಲ್ಲಿಸಿದ್ದ ಕಾನ್ವೇ ಎಂಬ ತರಬೇತಿ ಹಡಗನ್ನು ಸೇರಿದನು. ಅಲ್ಲಿಯೂ ನೀರಿಗೆ ಬಿದ್ದ ಜೊತೆಗಾರನೊಬ್ಬನನ್ನು ಕಾಪಾಡಿದನು. ತರಬೇತಿ ಮುಗಿದ ಮೇಲೆ ಭಾರತ ಮತ್ತು ಚೀನಾ ದೇಶಗಳ ಕಡೆಗೆ ವ್ಯಾಪಾರಕ್ಕಾಗಿ ಸಂಚರಿಸುವ ಹಡಗುಗಳಲ್ಲಿ ಕೆಲಸ ಕಲಿತನು. ಹಲವು ಸಮುದ್ರಗಳ ಸ್ವಭಾವ ಅವನಿಗೆ ಪರಿಚಯವಾಯಿತು. ಗಾಳಿ ಹೇಗೆ ತಿರುಗುತ್ತದೆ, ಭರತ ಯಾವಾಗ ಏರುತ್ತದೆ, ಇಳಿತ ಯಾವಾಗ ಆರಂಭವಾಗುತ್ತದೆ ಎಂಬುದನ್ನು ನಾವಿಕನು ಪ್ರತಿನಿತ್ಯವೂ ಗಮನಿಸಬೇಕಾಗುತ್ತದೆ. ಈ ಅನುಭವವು ಮುಂದೆ ಅವನಿಗೆ ಬಹಳ ಉಪಯೋಗಕ್ಕೆ ಬಂದಿತು.

1873ರ ಏಪ್ರಿಲ್ 22ರಂದು ನಡೆದ ಘಟನೆಯೊಂದು ವೆಬ್ಬನ ಹೆಸರನ್ನು ಮೊದಲ ಬಾರಿಗೆ ಜನರ ಬಾಯಿಗೆ ತಂದಿತು. ಆಗ ಅವನು ನ್ಯೂಯಾರ್ಕಿನಿಂದ ಲಿವರ್‌ಪೂಲಿಗೆ ಮರಳುತ್ತಿದ್ದ ರಷ್ಯಾ ಎಂಬ ಹೆಸರಿನ ಹಡಗಿನಲ್ಲಿ ಕೆಲಸಕ್ಕಿದ್ದನು. ನಟ್ಟನಡು ಅಟ್ಲಾಂಟಿಕ್ ಸಾಗರದಲ್ಲಿ, ಹಡಗು ವೇಗವಾಗಿ ಸಾಗುತ್ತಿದ್ದಾಗ, ನಾವಿಕನೊಬ್ಬನು ಆಯತಪ್ಪಿ ನೀರಿಗೆ ಬಿದ್ದನು. ವೆಬ್ಬನು ಹಿಂದುಮುಂದು ನೋಡದೆ ಹಡಗಿನಿಂದ ಧುಮುಕಿದನು. ದೊಡ್ಡ ಹಡಗೊಂದು ತನ್ನ ಓಟವನ್ನು ನಿಲ್ಲಿಸಿ ದೋಣಿಯನ್ನು ಇಳಿಸುವುದು ಕ್ಷಣದಲ್ಲಿ ಆಗುವ ಕೆಲಸವಲ್ಲ. ಕೊರೆಯುವ ಚಳಿಯ ನೀರಿನಲ್ಲಿ, ಏರಿಳಿಯುವ ಅಲೆಗಳ ನಡುವೆ, ಅವನು ಅರ್ಧ ಗಂಟೆಗೂ ಮಿಕ್ಕು ಆ ನಾವಿಕನಿಗಾಗಿ ಹುಡುಕಾಡಿದನು. ಪ್ರಯತ್ನವು ಫಲಿಸಲಿಲ್ಲ; ಬಿದ್ದವನು ಸಿಕ್ಕಲಿಲ್ಲ. ದೋಣಿಯವರು ವೆಬ್ಬನನ್ನು ಮೇಲೆತ್ತಿದಾಗ ಅವನೂ ಅರೆಜೀವವಾಗಿದ್ದನು. ಹಡಗಿನ ಪ್ರಯಾಣಿಕರು ತಮ್ಮತಮ್ಮಲ್ಲಿ ಹಣ ಕೂಡಿಸಿ ಅವನಿಗೆ ನೂರು ಪೌಂಡುಗಳನ್ನು ಅರ್ಪಿಸಿದರು. ಪ್ರಾಣರಕ್ಷಣೆಯ ಸಾಹಸಕ್ಕಾಗಿ ನೀಡುವ ಸ್ಟ್ಯಾನ್‌ಹೋಪ್ ಪದಕವನ್ನು ಪಡೆದವರಲ್ಲಿ ವೆಬ್ಬನೇ ಮೊದಲಿಗನು. ಸೋತ ಪ್ರಯತ್ನವೊಂದಕ್ಕೆ ದೊರೆತ ಆ ಗೌರವವು ಗೆದ್ದ ಎಷ್ಟೋ ಪ್ರಯತ್ನಗಳಿಗೆ ದೊರೆತ ಗೌರವಕ್ಕಿಂತ ಹಿರಿದಾದುದು.

ಆ ವೇಳೆಗೆ ಇಂಗ್ಲೆಂಡಿನಲ್ಲಿ ಒಂದು ಪ್ರಶ್ನೆ ಎಲ್ಲೆಡೆಯೂ ಚರ್ಚೆಗೆ ಬಂದಿತ್ತು. ಇಂಗ್ಲೆಂಡನ್ನೂ ಫ್ರಾನ್ಸನ್ನೂ ಬೇರ್ಪಡಿಸುವ ಇಂಗ್ಲಿಷ್ ಕಡಲ್ಗಾಲುವೆಯನ್ನು ಮನುಷ್ಯನು ಯಾವ ಸಾಧನದ ನೆರವೂ ಇಲ್ಲದೆ ಈಜಿ ದಾಟಬಲ್ಲನೇ ಎಂಬುದೇ ಆ ಪ್ರಶ್ನೆ. 1872ರಲ್ಲಿ ಜಾನ್ಸನ್ ಎಂಬ ಈಜುಗಾರನು ಪ್ರಯತ್ನಿಸಿ, ಸುಮಾರು ಒಂದು ಗಂಟೆಯಲ್ಲಿಯೇ ನೀರಿನಿಂದ ಮೇಲೇರಿದ್ದನು. ಆ ಸುದ್ದಿಯನ್ನು ವೆಬ್ಬನು ಓದಿದಾಗ ಅವನಿಗೆ ಹಡಗೊಂದರ ನಾಯಕತ್ವ ದೊರೆತಿತ್ತು. ಒಳ್ಳೆಯ ಹುದ್ದೆ, ನೆಮ್ಮದಿಯ ಜೀವನ. ಆದರೂ ಆ ಕಡಲ್ಗಾಲುವೆಯನ್ನು ತಾನು ದಾಟಬಲ್ಲೆನೆಂಬ ನಂಬಿಕೆ ಅವನ ಮನಸ್ಸಿನಲ್ಲಿ ಬೇರೂರಿತು. ಕೆಲಸವನ್ನು ಬಿಟ್ಟು ಅವನು ಲಂಡನ್ನಿಗೆ ಬಂದನು. ಅಲ್ಲಿ ಬೆಕ್‌ವಿತ್ ಎಂಬ ಹೆಸರಾಂತ ಈಜು ಶಿಕ್ಷಕನ ಬಳಿ ಲ್ಯಾಂಬೆತ್ ಈಜುಕೊಳದಲ್ಲಿ ಅಭ್ಯಾಸಕ್ಕೆ ತೊಡಗಿದನು.

ವೆಬ್ಬನು ವೇಗದ ಈಜುಗಾರನಾಗಿರಲಿಲ್ಲ. ಸ್ವಲ್ಪ ದೂರದ ಸ್ಪರ್ಧೆಯಲ್ಲಿ ಅವನನ್ನು ಹಿಂದಿಕ್ಕಬಲ್ಲವರು ಲಂಡನ್ನಿನಲ್ಲಿ ಹಲವರಿದ್ದರು. ಅವನದು ಗಿಡ್ಡವೂ ಅಲ್ಲದ, ಬಹಳ ಎತ್ತರವೂ ಅಲ್ಲದ, ಅಗಲವಾದ ಎದೆಯ ದೃಢಕಾಯ. ಕಪ್ಪೆಯಂತೆ ಕೈಕಾಲುಗಳನ್ನು ಅಗಲಿಸಿ ಸೇರಿಸುತ್ತ ಎದೆಯ ಮೇಲೆ ಮುಂದುವರಿಯುವ ಈಜೇ ಅವನಿಗೆ ಇಷ್ಟವಾದ ಕ್ರಮ. ಒಂದೇ ಲಯದಲ್ಲಿ, ಆತುರವಿಲ್ಲದೆ, ಗಂಟೆಗಟ್ಟಲೆ ಈಜಿದರೂ ಅವನ ಲಯ ಕೆಡುತ್ತಿರಲಿಲ್ಲ. ಚಳಿಯನ್ನು ತಡೆದುಕೊಳ್ಳುವ ಶಕ್ತಿಯೂ ಅವನಲ್ಲಿ ಅಸಾಧಾರಣವಾಗಿತ್ತು. ಬೆಕ್‌ವಿತ್ ಈ ಗುಣವನ್ನು ಗುರುತಿಸಿದನು. ಆದರೆ ಈಜುಕೊಳದ ಬೆಚ್ಚನೆಯ ನಿಂತ ನೀರಿನಲ್ಲಿ ತೋರಿದ ಸಹನೆಯನ್ನು ನಂಬಿ ಕಡಲಿಗಿಳಿಯುವುದು ತರವಲ್ಲ. ಅದಕ್ಕೆ ಹರಿಯುವ ನೀರಿನ ಪರೀಕ್ಷೆ ಬೇಕಾಗಿತ್ತು. ಆ ಪರೀಕ್ಷೆಗೆ ಥೇಮ್ಸ್ ನದಿ ಸಿದ್ಧವಾಗಿತ್ತು.

1875ರ ಜುಲೈ 3ರಂದು ವೆಬ್ಬನು ಲಂಡನ್ನಿನ ಪೂರ್ವಭಾಗದ ಬ್ಲ್ಯಾಕ್‌ವಾಲ್ ಎಂಬಲ್ಲಿ ಥೇಮ್ಸ್ ನದಿಗೆ ಇಳಿದನು. ಅವನ ಗುರಿ ಕೆಳಹರಿವಿನಲ್ಲಿರುವ ಗ್ರೇವ್ಸೆಂಡ್ ಪಟ್ಟಣ. ನಡುವಣ ಅಂತರ 20 ಮೈಲಿ, ಎಂದರೆ ಸುಮಾರು 32 ಕಿಲೋಮೀಟರು. ಥೇಮ್ಸ್ ಲಂಡನ್ನಿನ ಬಳಿ ಬರಿಯ ನದಿಯಲ್ಲ; ಕಡಲಿನ ಉಬ್ಬರವಿಳಿತಗಳು ಅದರೊಳಗೆ ಬಹುದೂರ ಹೊಕ್ಕು ಬರುತ್ತವೆ. ಭರತದ ಸಮಯದಲ್ಲಿ ನೀರು ಊರಿನ ಕಡೆಗೆ ಏರುತ್ತದೆ. ಇಳಿತದ ಸಮಯದಲ್ಲಿ ಕಡಲಿನ ಕಡೆಗೆ ರಭಸದಿಂದ ಜಾರುತ್ತದೆ. ವೇಳೆ ತಪ್ಪಿ ಇಳಿದವನು ಎಷ್ಟು ಬಲಶಾಲಿಯಾದರೂ ಇದ್ದಲ್ಲಿಯೇ ಹೆಣಗಬೇಕಾಗುತ್ತದೆ. ವೇಳೆಯನ್ನು ಅರಿತು ಇಳಿದವನಿಗೆ ನದಿಯೇ ಬೆನ್ನ ಹಿಂದೆ ನಿಂತು ನೂಕುತ್ತದೆ.

ಆ ಹಾದಿಯ ಕಷ್ಟಗಳು ಇಷ್ಟೇ ಆಗಿರಲಿಲ್ಲ. ಲೋಕದ ಅತ್ಯಂತ ದೊಡ್ಡ ಬಂದರುಗಳಲ್ಲಿ ಒಂದಾಗಿದ್ದ ಲಂಡನ್ನಿಗೆ ಬರುವ, ಅಲ್ಲಿಂದ ಹೋಗುವ ಹಾಯಿಹಡಗುಗಳೂ ಉಗಿಹಡಗುಗಳೂ ಸರಕಿನ ದೋಣಿಗಳೂ ನದಿಯನ್ನು ತುಂಬಿರುತ್ತಿದ್ದವು. ಮಹಾನಗರದ ಕೊಳಚೆಯನ್ನೆಲ್ಲ ಒಯ್ಯುವ ದೊಡ್ಡ ಒಳಚರಂಡಿಗಳು ಬೆಕ್ಟನ್ ಮತ್ತು ಕ್ರಾಸ್‌ನೆಸ್ ಎಂಬ ಸ್ಥಳಗಳಲ್ಲಿ ನದಿಗೆ ಬಂದು ಸೇರುತ್ತಿದ್ದವು. ಈ ಎರಡು ಸ್ಥಳಗಳೂ ವೆಬ್ಬನ ಹಾದಿಯಲ್ಲಿಯೇ ಇದ್ದವು. ಇಂತಹ ನೀರಿನಲ್ಲಿ ಅವನು ಐದು ಗಂಟೆಗೆ ಕೆಲವು ನಿಮಿಷಗಳು ಉಳಿದಿರುವಂತೆಯೇ ಗ್ರೇವ್ಸೆಂಡನ್ನು ಮುಟ್ಟಿದನು. ನದಿಯಲ್ಲಿ ಅಷ್ಟು ದೂರವನ್ನು ಅಷ್ಟು ಸಮಯದಲ್ಲಿ ಈಜಿದ ಆ ದಾಖಲೆಯನ್ನು ಹಲವು ವರ್ಷಗಳ ಕಾಲ ಯಾರೂ ಮುರಿಯಲಾಗಲಿಲ್ಲ. ಇದಾದ ಕೆಲವೇ ದಿನಗಳಲ್ಲಿ ಅವನು ಡೋವರ್ ಬಂದರಿನಿಂದ ರ‍್ಯಾಮ್ಸ್‌ಗೇಟ್ ವರೆಗೆ ಕರಾವಳಿಯ ಉದ್ದಕ್ಕೂ ಕಡಲಿನಲ್ಲಿ ಈಜಿದನು. ಕೊಳ, ನದಿ, ಕರಾವಳಿ ಎಂದು ಒಂದೊಂದೇ ಮೆಟ್ಟಿಲನ್ನು ಏರಿದ ಮೇಲೆಯೇ ಅವನು ಕಡಲ್ಗಾಲುವೆಯ ಕಡೆಗೆ ಮುಖಮಾಡಿದನು.

ಆಗಸ್ಟ್ 12ರಂದು ನಡೆದ ಮೊದಲ ಪ್ರಯತ್ನವು ವಿಫಲವಾಯಿತು. ಗಾಳಿ ಬಲವಾಯಿತು, ಕಡಲು ಕೆರಳಿತು, ಸೆಳವು ಅವನನ್ನು ದಾರಿಯಿಂದ ಬಹಳ ಪಕ್ಕಕ್ಕೆ ಎಳೆಯಿತು. ಸುಮಾರು ಏಳು ಗಂಟೆಗಳ ಬಳಿಕ ಅವನು ದೋಣಿಯನ್ನು ಹತ್ತಿದನು. ಆ ದಿನ ಹಟವನ್ನು ಹಿಡಿದಿದ್ದರೆ ಅವನ ಕಥೆ ಅಲ್ಲಿಯೇ ಮುಗಿಯುತ್ತಿತ್ತು. ಸೋಲನ್ನು ಒಪ್ಪಿಕೊಂಡು ಹಿಂದಿರುಗುವುದೂ ಸಾಹಸಿಗೆ ಬೇಕಾದ ಧೈರ್ಯವೇ ಆಗಿದೆ. ವೆಬ್ಬನು ಡೋವರಿನಲ್ಲಿಯೇ ಉಳಿದು ಶಾಂತವಾದ ಹವೆಗಾಗಿ ಕಾದನು.

ಆಗಸ್ಟ್ 24ರ ಮಧ್ಯಾಹ್ನ ಒಂದು ಗಂಟೆ ಆಗುವುದಕ್ಕೆ ಸ್ವಲ್ಪ ಮೊದಲು ಅವನು ಡೋವರಿನ ಅಡ್ಮಿರಾಲ್ಟಿ ಕಟ್ಟೆಯಿಂದ ಕಡಲಿಗೆ ಹಾರಿದನು. ಚಳಿಯನ್ನು ತಡೆಯಲು ಮೈಗೆಲ್ಲ ಕಡಲಹಂದಿಯ ಎಣ್ಣೆಯನ್ನು ಬಳಿದುಕೊಂಡಿದ್ದನು. ಮೂರು ದೋಣಿಗಳು ಅವನ ಸಂಗಡ ಹೊರಟವು. ನಿಯಮ ತಪ್ಪದಂತೆ ನೋಡಿಕೊಳ್ಳುವ ತೀರ್ಪುಗಾರರೂ ಪತ್ರಿಕೆಗಳ ಬಾತ್ಮೀದಾರರೂ ಅವುಗಳಲ್ಲಿದ್ದರು. ದೋಣಿಯನ್ನು ಮುಟ್ಟದೆ, ನೀರಿನಲ್ಲಿದ್ದುಕೊಂಡೇ ಅವನು ಆಗಾಗ ಕಾಫಿ, ಮಾಂಸದ ಸಾರು, ಬ್ರಾಂದಿಗಳನ್ನು ಸ್ವಲ್ಪಸ್ವಲ್ಪವಾಗಿ ಸೇವಿಸಿದನು.

ಡೋವರಿನಿಂದ ಫ್ರಾನ್ಸಿನ ತೀರಕ್ಕೆ ನೇರವಾದ ದೂರ 21 ಮೈಲಿ, ಎಂದರೆ ಸುಮಾರು 33 ಕಿಲೋಮೀಟರು ಮಾತ್ರ. ಆದರೆ ಆ ಕಡಲ್ಗಾಲುವೆಯಲ್ಲಿ ನೇರವಾದ ದಾರಿ ಎಂಬುದೇ ಇಲ್ಲ. ಸುಮಾರು ಆರು ಗಂಟೆಗೊಮ್ಮೆ ಸೆಳವು ದಿಕ್ಕು ಬದಲಾಯಿಸುತ್ತದೆ. ಒಮ್ಮೆ ಈಶಾನ್ಯಕ್ಕೆ ಎಳೆದರೆ ಮತ್ತೊಮ್ಮೆ ನೈಋತ್ಯಕ್ಕೆ ಎಳೆಯುತ್ತದೆ. ಈಜುವವನು ಫ್ರಾನ್ಸಿನ ಕಡೆಗೆ ಮುಖಮಾಡಿ ಕೈಬೀಸುತ್ತಿದ್ದರೂ ಅವನ ಹಾದಿ ಹಾವಿನಂತೆ ಅಂಕುಡೊಂಕಾಗುತ್ತದೆ. ರಾತ್ರಿ ಲೋಳೆಮೀನೊಂದು ವೆಬ್ಬನನ್ನು ಕುಟುಕಿತು. ನೋವನ್ನು ಸಹಿಸಿ ಅವನು ಮುಂದೆ ಸಾಗಿದನು. ಬೆಳಗಿನ ಜಾವಕ್ಕೆ ಫ್ರಾನ್ಸಿನ ತೀರ ಸಮೀಪಿಸಿತು. ಆದರೆ ಗ್ರೀ ನೇ ಎಂಬ ಭೂಶಿರದ ಬಳಿ ಎದುರಾದ ಸೆಳವು ಅವನನ್ನು ದಡಕ್ಕೆ ಹೋಗಗೊಡಲಿಲ್ಲ. ಕಣ್ಣೆದುರು ನೆಲ ಕಾಣುತ್ತಿದ್ದರೂ ಸುಮಾರು ಐದು ಗಂಟೆಗಳ ಕಾಲ ಅವನು ಅದನ್ನು ಮುಟ್ಟಲಾರದೆ ತೀರದುದ್ದಕ್ಕೂ ತೇಲಿ ಹೋದನು.

ಇಂತಹ ಹೊತ್ತಿನಲ್ಲಿ ಸೆಳವಿನ ಎದುರು ಹೋರಾಡಿ ಶಕ್ತಿಯನ್ನು ವ್ಯಯಮಾಡುವುದು ಸಹಜ. ವೆಬ್ಬನು ಹಾಗೆ ಮಾಡಲಿಲ್ಲ. ಸೆಳವು ತಿರುಗುವ ತನಕ ಉಸಿರನ್ನೂ ಲಯವನ್ನೂ ಉಳಿಸಿಕೊಂಡು ತೇಲುತ್ತ ಈಜಿದನು. ಕೊನೆಯ ಭಾಗದಲ್ಲಿ ಅಂಚೆಯ ಹಡಗೊಂದರಿಂದ ಬಂದ ದೋಣಿಯು ಅವನ ಪಕ್ಕದಲ್ಲಿಯೇ ಸಾಗಿ ಅಲೆಗಳ ಹೊಡೆತಕ್ಕೆ ಸ್ವಲ್ಪ ಮರೆಯಾಯಿತು. ಆಗಸ್ಟ್ 25ರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಗಳ ಸುಮಾರಿಗೆ ಕಾಲೇ ಪಟ್ಟಣದ ಮರಳು ಅವನ ಕಾಲಿಗೆ ತಗುಲಿತು. ಇಪ್ಪತ್ತೊಂದೂಮುಕ್ಕಾಲು ಗಂಟೆಗಳ ಕಾಲ ಅವನು ನೀರಿನಲ್ಲಿದ್ದನು. ಅಂಕುಡೊಂಕಾಗಿ ಅವನು ಕ್ರಮಿಸಿದ ದೂರ ಸುಮಾರು 39 ಮೈಲಿ ಎಂದು ಲೆಕ್ಕಹಾಕಿದ್ದಾರೆ. ಯಾವ ಕೃತಕ ಸಾಧನದ ನೆರವೂ ಇಲ್ಲದೆ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಮೊದಲ ಮಾನವನೆಂಬ ಕೀರ್ತಿ ಇಪ್ಪತ್ತೇಳು ವರ್ಷದ ಆ ನಾವಿಕನಿಗೆ ಸಂದಿತು.

ಇಂಗ್ಲೆಂಡ್ ಹರ್ಷದಿಂದ ಮೈಮರೆಯಿತು. ಅವನ ಗೌರವಾರ್ಥವಾಗಿ ನಿಧಿಯೊಂದನ್ನು ಕೂಡಿಸಿದರು. ಹೋದಹೋದಲ್ಲೆಲ್ಲ ಜನ ಮುತ್ತಿಕೊಂಡರು. ಬೆಂಕಿಪೊಟ್ಟಣದ ಮೇಲೆಯೂ ಅವನ ಚಿತ್ರ ಅಚ್ಚಾಯಿತು. ಈಜಿನ ಕಲೆಯನ್ನು ಕುರಿತು ಅವನ ಹೆಸರಿನಲ್ಲಿ ಪುಸ್ತಕವೂ ಹೊರಬಂದಿತು. ಈಜು ಕಲಿಯಬೇಕೆಂಬ ಉತ್ಸಾಹ ಸಾಮಾನ್ಯ ಜನರಲ್ಲಿ ಮೂಡಿತು. ಕಡಲತೀರದಲ್ಲಿದ್ದೂ ಈಜಲು ಬಾರದೆ ಎಷ್ಟೋ ಜನ ಪ್ರಾಣ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ ಇದು ವೆಬ್ಬನಿಂದ ಆದ ನಿಜವಾದ ಉಪಕಾರ.

ಆದರೆ ಕೀರ್ತಿಯು ಬಂದಷ್ಟೇ ಬೇಗ ಹಳತಾಗುತ್ತದೆ. ಬಂದ ಹಣ ಬಹುಕಾಲ ಉಳಿಯಲಿಲ್ಲ. ಹಡಗಿನ ಕೆಲಸವನ್ನು ಬಿಟ್ಟಿದ್ದ ಅವನಿಗೆ ಈಜೇ ಜೀವನೋಪಾಯವಾಯಿತು. ಪಣವೊಡ್ಡಿದ ಸ್ಪರ್ಧೆಗಳು, ಊರೂರಿನ ಪ್ರದರ್ಶನಗಳು, ದಿನಗಟ್ಟಲೆ ನಡೆಯುವ ಈಜುಪಂದ್ಯಗಳು ಇವುಗಳಲ್ಲಿ ಅವನು ತನ್ನ ದೇಹವನ್ನು ದುಡಿಸಿದನು. 1879ರಲ್ಲಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಸಮೀಪದಲ್ಲಿ ಕಡಲನ್ನು ಈಜಿದಾಗ, ಪ್ರೇಕ್ಷಕರು ಸೇರುವ ಸಂಜೆಯ ಹೊತ್ತಿಗೆ ಮೊದಲು ದಡ ಹತ್ತಬಾರದೆಂಬ ಕರಾರು ಇದ್ದುದರಿಂದ, ಗುರಿಯ ಬಳಿಗೆ ಬಂದ ಮೇಲೂ ಅವನು ನೀರಿನಲ್ಲಿಯೇ ಕಾಯಬೇಕಾಯಿತು. ಡೋವರಿನಲ್ಲಿ ಹವೆಗಾಗಿ ಕಾದಿದ್ದವನು ಈಗ ಟಿಕೇಟಿನ ಹಣಕ್ಕಾಗಿ ಕಾಯುವಂತಾಯಿತು. 1882ರಲ್ಲಿ ಬಾಸ್ಟನ್ ನಗರದ ಸಭಾಂಗಣವೊಂದರಲ್ಲಿ ನೀರಿನ ತೊಟ್ಟಿಯೊಳಗೆ 128 ಗಂಟೆಗಳಿಗೂ ಹೆಚ್ಚು ಕಾಲ ತೇಲಿ ತೋರಿಸಿದನು. ಥೇಮ್ಸ್ ನದಿಯನ್ನೂ ಕಡಲ್ಗಾಲುವೆಯನ್ನೂ ಗೆದ್ದ ವೀರನು ತೊಟ್ಟಿಯಲ್ಲಿ ತೇಲುವ ನೋಟದ ವಸ್ತುವಾದನು.

1880ರಲ್ಲಿ ಅವನಿಗೆ ಮದುವೆಯಾಗಿತ್ತು. ಎರಡು ಮಕ್ಕಳೂ ಆದವು. ಸಂಸಾರದ ಹೊಣೆ ಹೆಚ್ಚಿತು. ಆದರೆ ದೇಹದ ಬಲ ಕುಗ್ಗತೊಡಗಿತು. ವರ್ಷಗಟ್ಟಲೆ ತಣ್ಣೀರಿನಲ್ಲಿ ನೆನೆದ ಶರೀರ ದಣಿದಿತ್ತು. 1883ರ ವಸಂತದ ವೇಳೆಗೆ ಅವನ ಆರೋಗ್ಯ ಕೆಟ್ಟು, ತೂಕ ಇಳಿದಿತ್ತು. ಅವನ ಹಿತೈಷಿಗಳು ವಿಶ್ರಾಂತಿ ಪಡೆಯುವಂತೆ ಹೇಳುತ್ತಿದ್ದರು. ಆದರೆ ಒಮ್ಮೆ ಕೈತುಂಬ ಹಣವನ್ನೂ ಮಾಸಿದ ಕೀರ್ತಿಯನ್ನೂ ಮರಳಿ ತಂದುಕೊಡಬಲ್ಲ ಒಂದು ಮಹಾಸಾಹಸದ ಯೋಚನೆ ಅವನನ್ನು ಹಿಡಿದುಕೊಂಡಿತ್ತು. ಅದು ನಯಾಗರಾ ನದಿಯ ಸುಳಿಗಳನ್ನು ಈಜಿ ದಾಟುವ ಯೋಚನೆ.

ನಯಾಗರಾ ನದಿಯು ಅಮೆರಿಕ ಮತ್ತು ಕೆನಡಾ ದೇಶಗಳ ಗಡಿಯಲ್ಲಿ ಹರಿಯುತ್ತದೆ. ಈರಿ ಸರೋವರದ ನೀರನ್ನು ಒಂಟಾರಿಯೊ ಸರೋವರಕ್ಕೆ ಒಯ್ಯುವ ಈ ನದಿ ಉದ್ದದಲ್ಲಿ ಚಿಕ್ಕದು. 58 ಕಿಲೋಮೀಟರು ಮಾತ್ರ. ಆದರೆ ಅಷ್ಟರೊಳಗೆ ಅದು ಸುಮಾರು 99 ಮೀಟರು ಕೆಳಗಿಳಿಯುತ್ತದೆ. ಅದರಲ್ಲಿ ಅರ್ಧದಷ್ಟು ಇಳಿಯುವುದು ಜಗತ್ಪ್ರಸಿದ್ಧವಾದ ಜಲಪಾತದಲ್ಲಿ. ಜಲಪಾತವನ್ನು ದಾಟಿದ ನೀರು ಮೊದಲು ಸ್ವಲ್ಪ ದೂರ ಶಾಂತವಾಗಿ ಸಾಗಿ, ಆಮೇಲೆ ಕಡಿದಾದ ಕಲ್ಲುಗೋಡೆಗಳ ನಡುವಣ ಇಕ್ಕಟ್ಟಾದ ಕಮರಿಯನ್ನು ಹೊಗುತ್ತದೆ. ವಿಶಾಲವಾದ ಸರೋವರಗಳ ನೀರೆಲ್ಲ ಆ ಕಿರಿದಾದ ಹಾದಿಯಲ್ಲಿಯೇ ನುಗ್ಗಬೇಕಾದುದರಿಂದ ಅದು ಕುದಿಯುವಂತೆ ಉಕ್ಕುತ್ತದೆ. ಮನೆಯೆತ್ತರದ ಅಲೆಗಳು ಎದ್ದು ಒಂದರ ಮೇಲೊಂದು ಒಡೆಯುತ್ತವೆ. ಕಮರಿಯ ಕೊನೆಯಲ್ಲಿ ನದಿಯು ಥಟ್ಟನೆ ಬಲಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ನೀರು ಗಿರಗಿರನೆ ಸುತ್ತುವ ಮಹಾಸುಳಿಯೊಂದು ಉಂಟಾಗಿದೆ. ಈಗ ವಿದ್ಯುತ್ತಿನ ಉತ್ಪಾದನೆಗಾಗಿ ನದಿಯ ನೀರಿನಲ್ಲಿ ಬಹುಪಾಲನ್ನು ಮೇಲೆಯೇ ಬೇರೆಡೆಗೆ ತಿರುಗಿಸುತ್ತಾರೆ. ವೆಬ್ಬನ ಕಾಲದಲ್ಲಿ ಇಡೀ ನದಿಯೇ ಆ ಕಮರಿಯಲ್ಲಿ ಭೋರ್ಗರೆಯುತ್ತಿತ್ತು.

ಅದನ್ನು ಕಣ್ಣಾರೆ ಕಂಡವರೆಲ್ಲ ಬೇಡವೆಂದರು. ವೆಬ್ಬನಿಗೂ ಒಂದು ಯೋಜನೆ ಇಲ್ಲದಿರಲಿಲ್ಲ. ದಂಡೆಯ ಬಂಡೆಗಳನ್ನು ತಪ್ಪಿಸಲು ನಡುನೀರಿನಲ್ಲಿಯೇ ಸಾಗುವುದು, ಅಲೆ ಮೇಲೆರಗಿದಾಗ ಮುಳುಗಿ ಮತ್ತೆ ಏಳುವುದು, ಮಹಾಸುಳಿಯ ಬಳಿ ಶಕ್ತಿಯನ್ನೆಲ್ಲ ಕೂಡಿಸಿ ಅದರ ಅಂಚಿಗೆ ಈಜಿ ಪಾರಾಗುವುದು ಎಂದು ಅವನು ಲೆಕ್ಕಹಾಕಿದ್ದನು. ಆದರೆ ಥೇಮ್ಸಿನಲ್ಲಿ ಇದ್ದಂತೆ ಇಲ್ಲಿ ಕಾಯಬಹುದಾದ ಇಳಿತವಿರಲಿಲ್ಲ. ಕಡಲ್ಗಾಲುವೆಯಲ್ಲಿ ಇದ್ದಂತೆ ಸಂಗಡ ಬರುವ ದೋಣಿ ಇರಲಿಲ್ಲ. ಆ ನೀರಿನಲ್ಲಿ ಯಾವ ದೋಣಿಯೂ ಬದುಕುವಂತಿರಲಿಲ್ಲ. ಕಷ್ಟವಾದರೆ ಮೇಲೇರಿ, ಇನ್ನೊಂದು ದಿನ ಪ್ರಯತ್ನಿಸುವ ಅವಕಾಶವಂತೂ ಮೊದಲೇ ಇರಲಿಲ್ಲ.

1883ರ ಜುಲೈ 24ರ ಸಂಜೆ ದೋಣಿಯವನೊಬ್ಬನು ವೆಬ್ಬನನ್ನು ಜಲಪಾತದ ಕೆಳಗಿನ ಶಾಂತವಾದ ನೀರಿನಲ್ಲಿ ಸ್ವಲ್ಪ ದೂರ ಕರೆದೊಯ್ದನು. ನಾಲ್ಕೂವರೆ ಗಂಟೆ ಆಗುವುದಕ್ಕೆ ಸ್ವಲ್ಪ ಮೊದಲು ಅವನು ದೋಣಿಯಿಂದ ನದಿಗೆ ಧುಮುಕಿದನು. ಎರಡು ದಂಡೆಗಳ ಮೇಲೂ ಕಮರಿಯ ನೆತ್ತಿಯಲ್ಲಿದ್ದ ರೈಲ್ವೆಯ ತೂಗುಸೇತುವೆಯ ಮೇಲೂ ಜನ ನಿಂತು ನೋಡುತ್ತಿದ್ದರು. ಅವನು ಎಂದಿನ ಲಯದಲ್ಲಿಯೇ ಈಜುತ್ತ ಸೇತುವೆಯ ಕೆಳಗೆ ಹಾದನು. ಮರುಕ್ಷಣವೇ ಪ್ರವಾಹವು ಅವನನ್ನು ಸೆಳೆದುಕೊಂಡಿತು. ಅಲೆಗಳ ನಡುವೆ ಅವನ ತಲೆ ಕಾಣಿಸುವುದು, ಮರೆಯಾಗುವುದು, ಮತ್ತೆ ಕಾಣಿಸುವುದು ಹೀಗೆ ಕೆಲವು ನಿಮಿಷಗಳು ಕಳೆದವು. ಮಹಾಸುಳಿಯ ಸಮೀಪದಲ್ಲಿ ಕಣ್ಮರೆಯಾದವನು ಮತ್ತೆ ಮೇಲೇಳಲಿಲ್ಲ.

ನಾಲ್ಕು ದಿನಗಳ ಬಳಿಕ ಬಹುದೂರ ಕೆಳಗೆ ಲೂಯಿಸ್ಟನ್ ಎಂಬಲ್ಲಿ ಅವನ ದೇಹ ದೊರೆಯಿತು. ನೀರಿನ ವಿಪರೀತವಾದ ಒತ್ತಡಕ್ಕೆ ಸಿಕ್ಕಿ, ಉಸಿರಾಡುವ ಶಕ್ತಿ ಉಡುಗಿ ಅವನು ಸತ್ತಿರಬೇಕೆಂದು ಅದನ್ನು ಪರೀಕ್ಷಿಸಿದವರು ಅಭಿಪ್ರಾಯಪಟ್ಟರು. ನಯಾಗರಾ ಪಟ್ಟಣದ ಓಕ್‌ವುಡ್ ಸ್ಮಶಾನದಲ್ಲಿ ಅವನನ್ನು ಸಮಾಧಿ ಮಾಡಿದರು. ಎಳೆಯ ವಯಸ್ಸಿನ ಪತ್ನಿಯೂ ಇಬ್ಬರು ಹಸುಮಕ್ಕಳೂ ಅನಾಥರಾದರು. ಮೂರು ವರ್ಷಗಳ ಮೇಲೆ, 1886ರಲ್ಲಿ, ಪೀಪಾಯಿ ಮಾಡುವ ಕಸುಬಿನವನೊಬ್ಬನು ತಾನೇ ತಯಾರಿಸಿದ ಗಟ್ಟಿಯಾದ ಪೀಪಾಯಿಯೊಳಗೆ ಕುಳಿತು ಅದೇ ಕಮರಿಯನ್ನು ಜೀವಂತವಾಗಿ ದಾಟಿದನು. ಆ ನೀರಿನಲ್ಲಿ ಈಜಿಗೆ ಎಡೆಯೇ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಅಲ್ಲಿ ಮನುಷ್ಯನು ಈಜುವುದಿಲ್ಲ; ನೀರು ಅವನನ್ನು ಎಸೆಯುತ್ತದೆ.

ಹಾಗಾದರೆ ವೆಬ್ಬನನ್ನು ಮೂರ್ಖನೆಂದು ತಳ್ಳಿಬಿಡಬಹುದೇ? ಅದು ಅನ್ಯಾಯವಾದೀತು. ಥೇಮ್ಸಿನಲ್ಲಿ ಈಜಿದ ವೆಬ್ಬನೂ ನಯಾಗರಾಕ್ಕೆ ಧುಮುಕಿದ ವೆಬ್ಬನೂ ಧೈರ್ಯದಲ್ಲಿ ಒಬ್ಬನೇ. ಮೊದಲನೆಯವನ ಧೈರ್ಯಕ್ಕೆ ಅಭ್ಯಾಸ, ಅರಿವು, ತಾಳ್ಮೆಗಳು ಜೊತೆಯಾಗಿದ್ದವು. ಎರಡನೆಯವನ ಧೈರ್ಯವು ಬಡತನ, ಅನಾರೋಗ್ಯ, ಮರೆಯಾಗುತ್ತಿದ್ದ ಹೆಸರಿನ ಚಿಂತೆ ಇವುಗಳ ಒತ್ತಡಕ್ಕೆ ಸಿಕ್ಕಿ ಒಂಟಿಯಾಗಿತ್ತು. ಅವನ ಸಾವಿನಲ್ಲಿ ಅವನದಷ್ಟೇ ಅಲ್ಲ, ನೋಡುವವರ ಪಾಲೂ ಇದೆ. ಪ್ರತಿಸಲವೂ ಹಿಂದಿನದಕ್ಕಿಂತ ದೊಡ್ಡ ಅಪಾಯವನ್ನು ಬೇಡುವ ಪ್ರೇಕ್ಷಕರು ಸಾಹಸಿಯನ್ನು ಅರಿಯದೆಯೇ ಪ್ರಪಾತದ ಅಂಚಿಗೆ ತಳ್ಳುತ್ತಾರೆ. ಚಪ್ಪಾಳೆ ತಟ್ಟುವವರಿಗೂ ಒಂದು ಹೊಣೆಗಾರಿಕೆ ಇದೆ ಎಂಬುದನ್ನು ನಾವು ಮರೆಯಬಾರದು.

ವೆಬ್ಬನ ನಂತರ 36 ವರ್ಷಗಳ ಕಾಲ ಇಂಗ್ಲಿಷ್ ಕಡಲ್ಗಾಲುವೆಯನ್ನು ಮತ್ತಾರೂ ಈಜಿ ದಾಟಲಾಗಲಿಲ್ಲ. 1911ರಲ್ಲಿ ಬರ್ಜೆಸ್ ಎಂಬುವನು ಆ ಸಾಧನೆಯನ್ನು ಎರಡನೆಯ ಬಾರಿ ಮಾಡಿದನು. 1926ರಲ್ಲಿ ಅಮೆರಿಕದ ಗರ್ಟ್ರೂಡ್ ಎಡರ್ಲೆ ಅದನ್ನು ದಾಟಿದ ಮೊದಲ ಮಹಿಳೆಯಾದಳು. ನಮ್ಮ ದೇಶದ ಮಿಹಿರ್ ಸೇನ್ ಅವರು 1958ರಲ್ಲಿಯೂ, ಆರತಿ ಸಾಹಾ ಅವರು 1959ರಲ್ಲಿಯೂ ಅದೇ ಕಡಲ್ಗಾಲುವೆಯನ್ನು ಈಜಿ ಭಾರತಕ್ಕೆ ಕೀರ್ತಿ ತಂದರು. ಆರತಿ ಸಾಹಾ ಅವರೂ ಮೊದಲ ಪ್ರಯತ್ನದಲ್ಲಿ ಸೋತು, ಎರಡನೆಯ ಪ್ರಯತ್ನದಲ್ಲಿ ಗೆದ್ದವರು ಎಂಬುದು ಗಮನಾರ್ಹ. ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯ ಭಾಗೀರಥಿ ನದಿಯಲ್ಲಿ 81 ಕಿಲೋಮೀಟರುಗಳ ದೀರ್ಘ ಈಜುಸ್ಪರ್ಧೆ ನಡೆದುಬಂದಿದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 10 ಕಿಲೋಮೀಟರುಗಳ ಈಜುಸ್ಪರ್ಧೆಯನ್ನು ಸೇನ್ ನದಿಯಲ್ಲಿಯೇ ನಡೆಸಿದರು. ಸ್ಪರ್ಧೆಗೆ ಮೊದಲು ನೀರಿನ ಶುದ್ಧತೆಯನ್ನು ಪರೀಕ್ಷಿಸುವುದು, ರಕ್ಷಣೆಯ ದೋಣಿಗಳನ್ನು ಸಿದ್ಧವಾಗಿಡುವುದು, ತೀರ್ಪುಗಾರರನ್ನು ನೇಮಿಸುವುದು ಮುಂತಾದ ಕಟ್ಟುನಿಟ್ಟುಗಳು ಇಂದು ನದಿಯ ಈಜಿನ ಅವಿಭಾಜ್ಯ ಅಂಗಗಳಾಗಿವೆ.

ವೆಬ್ಬನು ಹುಟ್ಟಿದ ಡಾಲಿ ಊರಿನಲ್ಲಿ 1909ರಲ್ಲಿ ಅವನ ನೆನಪಿಗಾಗಿ ಸ್ಮಾರಕವೊಂದನ್ನು ನಿಲ್ಲಿಸಿದರು. ಮಹತ್ತಾದುದು ಯಾವುದೂ ಸುಲಭವಾಗಿ ದೊರೆಯದು ಎಂಬ ಭಾವವನ್ನು ಅದರ ಮೇಲಿನ ಕಿರುಬರಹ ಸಾರುತ್ತದೆ. ಅವನ ಬಾಳನ್ನು ಆದ್ಯಂತವಾಗಿ ತಿಳಿದವರು ಆ ಮಾತಿಗೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು: ಕಷ್ಟವಾದುದೆಲ್ಲವೂ ಮಹತ್ತಾದುದಲ್ಲ. ಯಾವ ನೀರಿಗೆ ಇಳಿಯಬೇಕು, ಯಾವಾಗ ಇಳಿಯಬೇಕು ಎಂಬುದನ್ನು ಬಲ್ಲವನು ಈಜುಗಾರ. ಯಾವ ನೀರಿಗೆ ಇಳಿಯಬಾರದು ಎಂಬುದನ್ನೂ ಬಲ್ಲವನು ಒಳ್ಳೆಯ ಈಜುಗಾರ.